ನಾಯಿ ಮೇಲಿನ ಮಾತುಗಳನ್ನ ನಾನು ಜನರ ಬಾಯಿಂದ ಹೆಂಗೆ ಹೊರಡಿಸಿದೆ: ನನ್ನ ಅನುಭವ

ಗಾದೆ, ನುಡಿಗಟ್ಟು ಕಲೆಕ್ಟ್ ಮಾಡೋರಿಗೆ ಈ ಗೋಳು ಹೊಸದಲ್ಲ. "ಅಜ್ಜಿ, ನಾಯಿ ಮೇಲೆ ಗಾದೆ ಇದ್ರೆ ಹೇಳಿ" ಅಂತ ಕೇಳಿದ್ರೆ ಬರೋದು ಅದೇ ಮೂರು, ನಾಯಿ ಬಾಲ ಡೊಂಕು, ಬೊಗಳೋ ನಾಯಿ ಕಚ್ಚಲ್ಲ, ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ. ಆಮೇಲೆ ಅವರು ನಮ್ಮ ಮುಖ ನೋಡ್ತಾರೆ ನಾವು ಅವರ ಮುಖ ನೋಡ್ತೀವಿ, ಕಾಫಿ ಕುಡಿದು ಎದ್ದು ಬರೋದು.

ಮೊದಲನೇ ವರ್ಷ ಪೂರ್ತಿ ಹಿಂಗೇ ದುಡ್ಡು ಸುರಿದೆ. ರೆಕಾರ್ಡರ್‌ಗೆ ಆರೇಳು ಸಾವಿರ, ಬಸ್ಸು ಲಾಡ್ಜು ಊಟ ಅಂತ ಇನ್ನೊಂದು ಹದಿನೈದು ಸಾವಿರ ಇರಬೇಕು. ಗೂಗಲ್ ಫಾರ್ಮ್ ಬಿಟ್ಟು ಒಳ್ಳೇ ಉತ್ತರಕ್ಕೆ ಮೊಬೈಲ್ ರೀಚಾರ್ಜ್ ಅಂತ ಆಸೆ ತೋರಿಸಿದೆ, ಕಾಲೇಜ್ ಹುಡುಗರೆಲ್ಲ ಎಲ್ಲಿಂದಲೋ ಒಂದೇ ಕಡೆಯಿಂದ ಕಾಪಿ ಹೊಡೆದು ಕಳಿಸಿದ್ರು, ಕಾಗುಣಿತ ತಪ್ಪು ಸಮೇತ ಒಂದೇ ಥರ! ಮಾತು ಕೊಟ್ಟಿದ್ನಲ್ಲ, ರೀಚಾರ್ಜ್ ಮಾಡಿಸಲೇಬೇಕಾಯ್ತು.

ವರ್ಕ್ ಆಗಿದ್ದು ಏನಂದ್ರೆ, ಕೇಳೋದು ಬಿಟ್ಟು ಬೇಕಂತಲೇ ತಪ್ಪು ಹೇಳೋದು. ಗಾದೆ ಕಲೆಕ್ಟ್ ಮಾಡೋ ನಮ್ಮ ಸರ್ಕಲ್‌ನಲ್ಲಿರೋ ಹಿರಿಯರೊಬ್ಬರಿಗೆ ಇದನ್ನ ಹೇಳಿದಾಗ "ನೀನು ಬಾಯಿಗೆ ಹಾಕಿದ್ದನ್ನೇ ಅವರು ವಾಪಸ್ ಉಗುಳ್ತಾರೆ, ಡೇಟಾ ಕೆಟ್ಟೋಗುತ್ತೆ" ಅಂದ್ರು, ಉಳಿದವರೂ ತಲೆ ಆಡಿಸಿದ್ರು. ಕೆಡಲ್ಲ ಸ್ವಾಮಿ. ತಪ್ಪು ಹೆಂಗಿರಬೇಕು ಅಂದ್ರೆ ಕೇಳಿದವರಿಗೆ ತಡ್ಕೊಳ್ಳೋಕೆ ಆಗಬಾರದು. ಹುಬ್ಬಳ್ಳಿಯಲ್ಲಿ ಒಂದು ಚಹಾದಂಗಡಿ ಕಟ್ಟೆ ಮೇಲೆ ಕೂತು ಸುಮ್ನೆ ಫೋನಲ್ಲಿ ಮಾತಾಡೋ ಥರ "ಏನ್ ಮಾಡೋದು, ಅನ್ನ ಬಿಸಿ ಇತ್ತು, ನಾಯಿ ಹಸಿದಿತ್ತು" ಅಂದೆ. ಪಕ್ಕದಲ್ಲಿದ್ದ ಯಜಮಾನರು ಕಪ್ ಕೆಳಗಿಟ್ಟರು. "ಏ ತಮ್ಮಾ, ಬಿಸಿ ಎಲ್ಲಿಂದ ಬಂತೋ? ಅನ್ನ ಹಳಸಿತ್ತು, ನಾಯಿ ಹಸಿದಿತ್ತು! ನಮ್ಮ ಅಕ್ಕನ ಮಗನ ಲಗ್ನಾ ಆಗಿದ್ದೂ ಹಿಂಗ ನೋಡು, ಅವರಿಗೆ ಗಂಡು ಸಿಗವಲ್ದಾಗಿತ್ತು, ಇವಂಗ ಯಾರೂ ಹೆಣ್ಣು ಕೊಡವಲ್ರಾಗಿದ್ರು." ನೋಡಿ, ಗಾದೆನೂ ಬಂತು, ಅದನ್ನ ಎಲ್ಲಿ ಬಳಸ್ತಾರೆ ಅನ್ನೋದೂ ಬಂತು. ಫಾರ್ಮ್‌ನಲ್ಲಿ ಇದು ಜನ್ಮದಲ್ಲಿ ಬರ್ತಿರಲಿಲ್ಲ. ಆಮೇಲೆ ಅವರು ನಿಲ್ಲಿಸಲೇ ಇಲ್ಲ, "ನಾಯಿಗೆ ಕೆಲಸಿಲ್ಲ, ನಿಲ್ಲಾಕ ಪುರುಸೊತ್ತಿಲ್ಲ" ಅಂತ ನನ್ನ ಕಡೆಗೇ ನೋಡಿ ಹೇಳಿದ್ರು, ಅದನ್ನೂ ಬರ್ಕೊಂಡೆ.

ತಪ್ಪನ್ನ ಮಾತಿನ ಮಧ್ಯೆ ಎಲ್ಲಿ ತೂರಿಸಬೇಕು, ಅವರು ತಿದ್ದಿದ ಮೇಲೆ ನಾವು ಕೇಳೋ ಎರಡನೇ ಪ್ರಶ್ನೆ ಏನು, ಅದು ನನ್ನ ಹತ್ರಾನೇ ಇರ್ಲಿ. ಹೊಟ್ಟೆಪಾಡು.

ಬೈಗುಳಕ್ಕೆ ಮಾತ್ರ ಈ ಉಪಾಯ ನಡೆಯಲ್ಲ, ಬೈಗುಳನ ತಪ್ಪು ಹೇಳಿದ್ರೆ ನಗ್ತಾರೆ ಅಷ್ಟೆ. ಅದಕ್ಕೆ ಆಟೋ ಸ್ಟ್ಯಾಂಡು, ಕ್ರಿಕೆಟ್ ಗ್ರೌಂಡೇ ಸರಿ, ರೆಕಾರ್ಡರ್ ಮನೇಲಿಟ್ಟು ಹೋಗಿ. ಕಂತ್ರಿ ಅಂತಾರಲ್ಲ, ಇಂಗ್ಲಿಷಿನ 'ಕಂಟ್ರಿ' ನಾಯಿ ಕತೆ ಅದು, ಈಗ ನಾಯಿನ ಬಿಟ್ಟು ಮನುಷ್ಯರ ಬುದ್ಧಿಗೇ ಅಂಟ್ಕೊಂಡಿದೆ. ಕುನ್ನಿ ಅಂದ್ರೆ ನಾಯಿಮರಿ, ಉತ್ತರ ಕರ್ನಾಟಕದಲ್ಲಿ ಬೈಯೋಕೂ ಆಗುತ್ತೆ ಮುದ್ದಿಗೂ ಆಗುತ್ತೆ. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ನಾಯಿ ಅನ್ನೋ ಪದವೇ ಇಲ್ಲದ ನಾಯಿ ಮಾತುಗಳು: ಬೊಗಳೆ ಬಿಡೋದು, "ಏನ್ ಬೊಗಳ್ತಿದೀಯಾ", ಸಾಹೇಬರ ಮುಂದೆ ಬಾಲ ಅಲ್ಲಾಡಿಸೋದು, ಬಾಲ ಮುದುರ್ಕೊಂಡು ಹೋಗೋದು. 'ಬಾಲ ಬಿಚ್ಚಬೇಡ' ನಾಯಿದೋ ಕೋತಿದೋ ಅಂತ ನಾನು ನನ್ನ ಭಾವಮೈದ ಇನ್ನೂ ಜಗಳ ಆಡ್ತಿದೀವಿ. ನನ್ನ ಓಟು ಕೋತಿಗೆ.

ಮಧ್ಯದಲ್ಲಿ ಬೆಕ್ಕಿನ ಮೇಲೂ ಒಂದು ಕೈ ನೋಡೋಣ ಅಂತ ಹೊರಟೆ. ಚೆಲ್ಲಾಟ ಪ್ರಾಣಸಂಕಟ, ಗಂಟೆ ಕಟ್ಟೋರ್ಯಾರು, ಕಣ್ಮುಚ್ಚಿ ಹಾಲು ಕುಡಿಯೋದು, ಮೈ ಸುಟ್ಟ ಬೆಕ್ಕು, ಅಲ್ಲಿಗೆ ಮುಗೀತು. ಬೆಕ್ಕಸ ಬೆರಗೂ ಬೆಕ್ಕಿಂದಲೇ ಬಂದಿದ್ದು ಅಂತ ಒಬ್ಬರು ಮೇಷ್ಟ್ರು ವಾದ ಮಾಡಿದ್ರು, ಅದಕ್ಕೂ ಬೆಕ್ಕಿಗೂ ಸಂಬಂಧ ಇಲ್ಲ ಮಾರಾಯ್ರೆ. ನಾಯಿಯಷ್ಟು ಬೆಳೆ ಬೆಕ್ಕಲ್ಲಿಲ್ಲ, ನಾಯಿ ಬೀದೀಲಿ ಎಲ್ಲರ ಕಣ್ಣೆದುರೇ ಬಿದ್ದಿರುತ್ತಲ್ಲ, ಅದಕ್ಕೇ ಬೈಸ್ಕೊಳ್ಳೋದೂ ಅದೇ.

ನಾಯಿಪಾಡು ಅನ್ನೋದನ್ನ ನಾನು ಕೇಳದ ಜಿಲ್ಲೆ ಇಲ್ಲ, ಬಸ್ ಬರದಿದ್ರೂ ನಾಯಿಪಾಡು, ಡೈವೋರ್ಸ್ ಆದ್ರೂ ನಾಯಿಪಾಡು. ನಾಯಿಕೊಡೆಗಳಂತೂ ಪೇಪರ್‌ನಲ್ಲಿ ವರ್ಷಪೂರ್ತಿ ತಲೆ ಎತ್ತುತ್ತಾವೆ, ಕೋಚಿಂಗ್ ಸೆಂಟರ್ ಸುದ್ದಿ ಬಂದ್ರೆ ಸಾಕು. ನಾಯಿಕೆಮ್ಮು ಲಸಿಕೆ ಪೋಸ್ಟರ್‌ನಲ್ಲೇ ಇದೆ, ಗಂಟಲುಮಾರಿ ಧನುರ್ವಾಯು ಜೊತೆಗೆ. ನಾಯಿತುಳಸಿ ಥರ ಗಿಡದ ಹೆಸರಲ್ಲಿ ನಾಯಿ ಬಂದ್ರೆ ಬಹುಪಾಲು 'ಪೂಜೆಗೆ ಬರಲ್ಲ, ಕಾಡುಜಾತಿ' ಅಂತ ತಿಳ್ಕೊಳ್ಳಿ. ಇಂಥವು ನನ್ನ ಹತ್ರ ಇನ್ನೂ ಇವೆ, ಎಲ್ಲಾ ಇಲ್ಲೇ ಸುರಿದ್ರೆ ಇದನ್ನೆಲ್ಲ ಸೇರಿಸಿ ನಾನು ಮಾಡಿರೋ ಪುಸ್ತಿಕೆ ಯಾರು ತಗೋತಾರೆ.

ಸಿಕ್ಕಿದ್ದನ್ನೆಲ್ಲ 1894ರ ಕಿಟ್ಟೆಲ್ ನಿಘಂಟಿನ ಜೊತೆ ತಾಳೆ ನೋಡಿದೆ, ಅದರಲ್ಲಿ ಪದದ ಕೆಳಗೇ ಗಾದೆ ಕೊಟ್ಟಿರ್ತಾರಲ್ಲ, ಕೆಲಸ ಹಗುರ ಆಗುತ್ತೆ. ಜಾತಿ ಹೆಸರು ಸೇರಿಸಿ ಮಾಡಿರೋ ನಾಯಿ ಗಾದೆಗಳು ಒಂದು ಹಿಡಿ ಸಿಕ್ಕಿದ್ವು, ಅವನ್ನ ಅಚ್ಚಿಗೆ ಹಾಕಲಿಲ್ಲ, ನೋಟ್‌ಬುಕ್‌ನಲ್ಲಿವೆ.

ಪುಸ್ತಿಕೆ ಐನೂರು ಕಾಪಿ, ಒಂದಕ್ಕೆ ಮೂವತ್ತೆರಡೋ ಮೂವತ್ತಮೂರೋ ಬಿತ್ತು, ಬೆಲೆ 60 ಇಟ್ಟೆ. ಅಂಗಡಿಯವರು ನಲವತ್ತು ಪರ್ಸೆಂಟ್ ಕಮಿಷನ್ ಮುರ್ಕೊಂಡ್ರು, ಒಬ್ಬ ಅಂಗಡಿಯವನಂತೂ ಇವತ್ತಿಗೂ ದುಡ್ಡು ಕೊಟ್ಟಿಲ್ಲ, ಫೋನ್ ಮಾಡಿದ್ರೆ ಮುಂದಿನ ವಾರ ಅಂತಾನೆ. ಕೈಯಲ್ಲಿ ಕೊಟ್ಟು ಮಾರಿದ್ದರಲ್ಲೇ ಲಾಭ, ಮದುವೆ ಮನೆ, ರಿಟೈರ್ಮೆಂಟ್ ಫಂಕ್ಷನ್ ಎಲ್ಲಾ ಕಡೆ ಬ್ಯಾಗಲ್ಲಿ ಹತ್ತು ಕಾಪಿ. ಒಂಬತ್ತು ತಿಂಗಳಲ್ಲೋ ಏನೋ ಖಾಲಿ. "ಡೇಟಾ ಕೆಟ್ಟೋಗುತ್ತೆ" ಅಂದ ಹಿರಿಯರೇ ಎರಡು ಕಾಪಿ ತಗೊಂಡ್ರು, ಅದೂ ಪೂರ್ತಿ ಬೆಲೆಗೆ, ನಾನು ಡಿಸ್ಕೌಂಟ್ ಕೊಡಲಿಲ್ಲ. ಎರಡನೇ ಪ್ರಿಂಟ್‌ಗೆ ಪೇಪರ್ ರೇಟ್ ಏರಿದೆ, ಬೆಲೆ 75 ಮಾಡ್ತಿದೀನಿ, ಕರಾವಳಿ ಕಡೆಯದ್ದು ಇನ್ನೊಂದಷ್ಟು ಸೇರಿಸಬೇಕು. ಕುಂದಾಪುರದ ಕಡೆ ತಪ್ಪು ಹೇಳಿದ್ರೆ ತಿದ್ದೋರು ಯಾರಾದ್ರೂ ಪರಿಚಯ ಇದ್ರೆ ತಿಳಿಸಿ, ಬಸ್ ಚಾರ್ಜ್ ನಂದೇ.