ಪೈಥಾನ್ ಪ್ರೋಗ್ರಾಮನ್ನು ಬೈಟ್‌ಕೋಡ್ ಮಾಡಿ ಗಿರಾಕಿಗೆ ಕೊಡುವುದು ಹೇಗೆ

ಚಿಕ್ಕಮಗಳೂರಿನಲ್ಲಿ ಕೂತು ಕಾಫಿ ವ್ಯಾಪಾರಿಗಳಿಗೆ ತೂಕ, ಔಟ್‌ಟರ್ನ್, ಬಿಲ್ಲಿನ ಲೆಕ್ಕ ಹಾಕುವ ಸಣ್ಣಪುಟ್ಟ ಪ್ರೋಗ್ರಾಮ್ ಬರೆದುಕೊಡುವುದು ನನ್ನ ಕೆಲಸ. ಎಲ್ಲಾ ಪೈಥಾನಿನಲ್ಲೇ. ಗಿರಾಕಿಗಳು ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯವರು. ಅವರ ಗೋಡೌನಿನ ಕಂಪ್ಯೂಟರಿಗೆ ನಾನು ಮೂಲ ಕೋಡ್ ಹಾಕುವುದಿಲ್ಲ, ಬೈಟ್‌ಕೋಡ್ ಹಾಕುತ್ತೇನೆ, ಅಂದರೆ ಪೈಥಾನ್ ಓಡಿಸಲು ಮೂಲ ಕೋಡನ್ನು ತನಗೆ ಬೇಕಾದ ಹಾಗೆ ಬದಲಾಯಿಸಿಕೊಂಡ ರೂಪ. ಇದೇ ಥರದ ಕೆಲಸ ಮಾಡುವವರು ಹೇಗೆ ಅಂತ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಯಾಕೆ ಅನ್ನುವುದು. ರೋಬಸ್ಟಾ ಚೆರಿಯನ್ನು ಔಟ್‌ಟರ್ನ್ ಮೇಲೆ ಕೊಳ್ಳುವಾಗ 50 ಕೆಜಿ ಮೂಟೆಯಲ್ಲಿ ಎಷ್ಟು ಕೆಜಿ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಬರುತ್ತದೆ ಅಂತ ನೋಡಿ, ಅದನ್ನು ರೇಟಿಗೆ ಗುಣಿಸುತ್ತಾರೆ. ಆ ಕೆಜಿಯೇ ಔಟ್‌ಟರ್ನ್. ಪ್ರೋಗ್ರಾಮಿನಲ್ಲಿ ಒಟ್ಟು ತೂಕವನ್ನು 50ರಿಂದ ಭಾಗಿಸುವ ಒಂದು ಸಾಲು ಇರುತ್ತದೆ. ಒಂದು ಗೋಡೌನಿನಲ್ಲಿ ಆ 50 ಹೋಗಿ 51 ಆಗಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ, "ಚೀಲದ ತೂಕ ಕಳೀಬೇಕಲ್ವಾ ಮೇಡಂ, ನೋಟ್‌ಪ್ಯಾಡಲ್ಲಿ ತೆಗೆದು ನಾನೇ ಸರಿ ಮಾಡ್ದೆ" ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಚೀಲದ ತೂಕವನ್ನು ಪ್ರೋಗ್ರಾಮ್ ಅದಕ್ಕೂ ಮೊದಲೇ ಕಳೆದಿರುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಬೆಳೆಗಾರನ ಬಿಲ್ಲೂ ಸ್ವಲ್ಪ ಸ್ವಲ್ಪ ಕಡಿಮೆ.

ಮೂಲ ಕೋಡ್ ಇರುವ ಡಾಟ್ ಪಿವೈ ಫೈಲನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು. ತಿದ್ದದಿದ್ದರೂ, ಎಲ್ಲೋ ಒಂದು ಟ್ಯಾಬ್ ಒತ್ತಿ ಸೇವ್ ಮಾಡಿದರೆ ಸಾಕು, ಪೈಥಾನ್ ಮುನಿಸಿಕೊಂಡು ಕೂರುತ್ತದೆ. ಬೈಟ್‌ಕೋಡ್ ಕೊಟ್ಟರೆ ಈ ತಾಪತ್ರಯ ಇರುವುದಿಲ್ಲ.

ಹಾಗಂತ ಅದರಿಂದ ಏನೇನೋ ಬಯಸಬೇಡಿ. ಪ್ರೋಗ್ರಾಮ್ ವೇಗವಾಗಿ ಓಡುವುದಿಲ್ಲ. ಶುರುವಾಗುವುದು ಒಂಚೂರು ಬೇಗ ಆಗಬಹುದು, ಅಷ್ಟೇ. ಯಾಕೆಂದರೆ ಪೈಥಾನ್ ಹೇಗಿದ್ದರೂ ಮೂಲವನ್ನು ಮೊದಲು ಬೈಟ್‌ಕೋಡ್ ಮಾಡಿಕೊಂಡೇ ಓಡಿಸುವುದು. ನಾವು ಆ ಕೆಲಸವನ್ನು ಮನೆಯಲ್ಲೇ ಮುಗಿಸಿ ಕಳಿಸುತ್ತೇವೆ. ಗುಟ್ಟೂ ಉಳಿಯುವುದಿಲ್ಲ. ಇದು ತೋಟದ ಗೇಟಿನ ಚಿಲಕ ಇದ್ದ ಹಾಗೆ: ದನ ಒಳಗೆ ಬರುವುದಿಲ್ಲ, ಕಳ್ಳ ಆರಾಮಾಗಿ ಬರುತ್ತಾನೆ. ಅನುಮಾನ ಇದ್ದರೆ ಬೈಟ್‌ಕೋಡ್ ಇರುವ ಒಂದು ಡಾಟ್ ಪಿವೈಸಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಕಾಗೆ ಕಾಲು ಗುಬ್ಬಿ ಕಾಲಿನ ನಡುವೆ ನಿಮ್ಮ ಫಂಕ್ಷನ್‌ಗಳ ಹೆಸರು, ವೇರಿಯಬಲ್‌ಗಳ ಹೆಸರು, ಕೋಡಿನಲ್ಲಿ ಬರೆದಿದ್ದ ಪಾಸ್‌ವರ್ಡ್ ಎಲ್ಲಾ ಸಲೀಸಾಗಿ ಓದಲು ಸಿಗುತ್ತವೆ. ಪೈಥಾನಿನ ಜೊತೆಗೇ ಬರುವ ‘ಡಿಸ್’ ಮಾಡ್ಯೂಲ್ ಪ್ರತಿ ಆಜ್ಞೆಯನ್ನೂ ಬಿಡಿಸಿ ತೋರಿಸುತ್ತದೆ. ಬೈಟ್‌ಕೋಡಿನಿಂದ ಮೂಲವನ್ನು ಮತ್ತೆ ಕಟ್ಟಿಕೊಡುವ ಟೂಲ್‌ಗಳೂ ಇವೆ. ಆದ್ದರಿಂದ ಪಾಸ್‌ವರ್ಡ್, ಕೀ ಇಂಥವು ಕೋಡಿನಲ್ಲಿ ಇರಲೇಬಾರದು. ರೇಟು, ಅಂಗಡಿಯ ಹೆಸರು, ಚೀಲದ ತೂಕ ಇವನ್ನೂ ಬೇರೆ ಸೆಟ್ಟಿಂಗ್ಸ್ ಫೈಲಿನಲ್ಲಿ ಇಡಿ. ಅವರು ತಿದ್ದಬೇಕಾದದ್ದು ಅವರ ಕೈಗೆ ಸಿಗಲಿ.

ಈಗ ವರ್ಷನ್ ವಿಷಯ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಬೈಟ್‌ಕೋಡ್ ಪೈಥಾನಿನ ಒಂದು ವರ್ಷನ್ನಿಗೆ ಮಾತ್ರ ಹೊಂದುತ್ತದೆ. 3.11ರಲ್ಲಿ ಮಾಡಿದ್ದು 3.8ರಲ್ಲಿ ಓಡುವುದಿಲ್ಲ, 3.8ರಲ್ಲಿ ಮಾಡಿದ್ದು 3.11ರಲ್ಲೂ ಓಡುವುದಿಲ್ಲ. ‘ಬ್ಯಾಡ್ ಮ್ಯಾಜಿಕ್ ನಂಬರ್’ ಅಂತ ಎರರ್ ಬರುತ್ತದೆ. 3.8.5, 3.8.10 ಥರ ಕೊನೆಯ ಅಂಕಿ ಬೇರೆ ಇದ್ದರೆ ತೊಂದರೆ ಇಲ್ಲ. ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಅನ್ನುವುದೂ ಲೆಕ್ಕಕ್ಕಿಲ್ಲ, ಎರಡರಲ್ಲೂ ಅದೇ ಫೈಲ್ ನಡೆಯುತ್ತದೆ.

ಆ ಮ್ಯಾಜಿಕ್ ನಂಬರ್, ಅಂದರೆ ಯಾವ ವರ್ಷನ್ನಿನದು ಅಂತ ಹೇಳುವ ಸಂಖ್ಯೆ, ಫೈಲಿನ ಮೊದಲ ಎರಡು ಬೈಟ್‌ಗಳಲ್ಲಿ ಕೂತಿರುತ್ತದೆ. 3.8ಕ್ಕೆ ಅದು 3413, 3.9ಕ್ಕೆ 3425, 3.10ಕ್ಕೆ 3439. ಇದನ್ನು ಕಣ್ಣಿನಲ್ಲೇ ಗುರುತಿಸಬಹುದು. 3413 ಅಂದರೆ 13 ಸಲ 256, ಮೇಲೆ 85. ಫೈಲಿನಲ್ಲಿ ಈ ಉಳಿದ 85ರ ಬೈಟೇ ಮೊದಲು ಬರುತ್ತದೆ, 13 ಆಮೇಲೆ. 85 ಅಂದರೆ ದೊಡ್ಡಕ್ಷರದ ‘ಯು’. ಹಾಗಾಗಿ 3.8ರ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಅಕ್ಷರ ‘ಯು’. 3.9ರದ್ದಾದರೆ ಸಣ್ಣಕ್ಷರದ ‘ಎ’, 3.10 ಆದರೆ ಸಣ್ಣಕ್ಷರದ ‘ಓ’. ಗಿರಾಕಿ ಫೋನ್ ಮಾಡಿ ಏನೋ ಎರರ್ ಬಂತು ಅಂದಾಗ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂದರೆ, "ಮೊದಲ ಅಕ್ಷರ ಏನಿದೆ ಹೇಳಿ ಸಾರ್" ಅಂದರೆ ಸಾಕು, ತಪ್ಪು ಫೈಲ್ ಹೋಗಿದೆಯೋ ಇಲ್ಲವೋ ಕೂತಲ್ಲೇ ಗೊತ್ತಾಗುತ್ತದೆ.

ನಾನು ಇನ್ನೂ 3.8ನ್ನು ಇಟ್ಟುಕೊಂಡಿರುವುದಕ್ಕೆ ಕಾರಣ ಗೋಡೌನುಗಳ ಹಳೇ ಕಂಪ್ಯೂಟರ್‌ಗಳು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ ಅದೇ, 3.9ರಿಂದ ಮೇಲಿನವು ಅಲ್ಲಿ ಓಡುವುದಿಲ್ಲ. 3.8ಕ್ಕೆ 2024ರ ಅಕ್ಟೋಬರಿನಲ್ಲೇ ಬೆಂಬಲ ನಿಂತಿದೆ, ಸೆಕ್ಯುರಿಟಿ ತಿದ್ದುಪಡಿಗಳೂ ಬರುವುದಿಲ್ಲ. ಇಂಟರ್ನೆಟ್ಟಿಗೆ ಸೇರಿಸದ ಕಂಪ್ಯೂಟರ್ ಆದರೆ ಮಾತ್ರ ನಾನು ಒಪ್ಪುತ್ತೇನೆ. ಉಳಿದವರಿಗೆ ಕಂಪ್ಯೂಟರ್ ಬದಲಾಯಿಸಿ ಅಂತಲೇ ಹೇಳುವುದು. ಕೇಳುತ್ತಾರಾ ಅನ್ನುವುದು ಆ ವರ್ಷದ ಕಾಫಿ ರೇಟಿನ ಮೇಲೆ.

ಇನ್ನು ಕೆಲಸ. ಕಮ್ಯಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಎಲ್ಲಾ ಸಣ್ಣಕ್ಷರದಲ್ಲಿ ಹಾಕಿಕೊಳ್ಳಿ.

ಮೊದಲು ಪ್ರೋಗ್ರಾಮಿನ ಇಡೀ ಫೋಲ್ಡರನ್ನು ಬೇರೆ ಜಾಗಕ್ಕೆ ಕಾಪಿ ಮಾಡಿ. ಮುಂದೆ ಮೂಲ ಫೈಲ್‌ಗಳನ್ನು ಅಳಿಸುವ ಹಂತ ಇದೆ, ಅದು ಕಾಪಿಯಲ್ಲೇ ಆಗಬೇಕು. ಕಾಪಿಯ ಜೊತೆ ಹಳೇ ‘ಪೈಕ್ಯಾಶ್’ ಫೋಲ್ಡರುಗಳು (ಪೈಥಾನ್ ತಾನೇ ಮಾಡಿದ ಬೈಟ್‌ಕೋಡ್ ಇಟ್ಟುಕೊಳ್ಳುವ ಜಾಗ) ಬಂದಿದ್ದರೆ ತೆಗೆದುಬಿಡಿ. ಆಮೇಲೆ ಕಮ್ಯಾಂಡ್ ಪ್ರಾಂಪ್ಟಿನಲ್ಲಿ ಆ ಕಾಪಿಯ ಒಳಗೆ ಹೋಗಿ ಹೀಗೆ ಕೊಡಿ:

ಪೈ -3.8 -ಎಂ ಕಂಪೈಲ್ಆಲ್ -ಬಿ -ಎಫ್ -ಕ್ಯೂ -ಡಿ ಕಾಫಿಲೆಕ್ಕ .

‘ಪೈ’ ಅಂದರೆ ಪಿ, ವೈ ಎರಡೇ ಅಕ್ಷರ. ‘ಕಂಪೈಲ್ಆಲ್’ ಒಂದೇ ಪದ, ನಡುವೆ ಜಾಗ ಇಲ್ಲ. ಕಂಪೈಲ್ ಅಂದರೆ ಮೂಲವನ್ನು ಬೈಟ್‌ಕೋಡ್ ಮಾಡುವುದು. ಕೊನೆಯ ಚುಕ್ಕಿ ಅಂದರೆ ಈಗ ನಿಂತಿರುವ ಫೋಲ್ಡರ್. ‘ಎಫ್’ ಎಲ್ಲವನ್ನೂ ಹೊಸದಾಗಿ ಮಾಡುತ್ತದೆ, ‘ಕ್ಯೂ’ ಹೆಸರುಗಳ ಉದ್ದ ಪಟ್ಟಿಯನ್ನು ತೋರಿಸದೆ ಎರರ್ ಇದ್ದರೆ ಮಾತ್ರ ತೋರಿಸುತ್ತದೆ.

‘ಬಿ’ ಮಾತ್ರ ಮರೆಯಲೇಬೇಡಿ. ಅದಿಲ್ಲದಿದ್ದರೆ ಪೈಥಾನ್ ಬೈಟ್‌ಕೋಡನ್ನು ಪೈಕ್ಯಾಶ್ ಫೋಲ್ಡರಿನೊಳಗೆ, ವರ್ಷನ್ ಸೇರಿಸಿದ ಉದ್ದ ಹೆಸರಿನಲ್ಲಿ ಇಡುತ್ತದೆ. 3.2ರಿಂದ ಹಾಗೇ. ಆದರೆ ಮೂಲ ಫೈಲ್ ಪಕ್ಕದಲ್ಲಿ ಇಲ್ಲದಿದ್ದರೆ ಆ ಫೋಲ್ಡರಿನ ಕಡೆ ಪೈಥಾನ್ ತಿರುಗಿಯೂ ನೋಡುವುದಿಲ್ಲ. ಫೈಲ್ ಕಣ್ಣೆದುರೇ ಇರುತ್ತದೆ, ‘ಮಾಡ್ಯೂಲ್ ಇಲ್ಲ’ ಅಂತ ಎರರ್ ಬರುತ್ತದೆ, ಏನು ಅಂತ ತಲೆಬುಡ ತಿಳಿಯುವುದಿಲ್ಲ. ‘ಬಿ’ ಕೊಟ್ಟರೆ ಬಿಲ್ ಡಾಟ್ ಪಿವೈ ಪಕ್ಕದಲ್ಲೇ ಬಿಲ್ ಡಾಟ್ ಪಿವೈಸಿ ಬರುತ್ತದೆ, ಅದನ್ನು ಮೂಲ ಇಲ್ಲದೆಯೂ ಓಡಿಸಬಹುದು.

‘ಡಿ’ ನನ್ನ ಮರ್ಯಾದೆಯ ವಿಷಯ. ಕಂಪೈಲ್ ಮಾಡಿದ ಜಾಗದ ದಾರಿ ಬೈಟ್‌ಕೋಡಿನೊಳಗೆ ಸೇರಿಕೊಳ್ಳುತ್ತದೆ. ನೀವು ಫೋಲ್ಡರಿಗೆ ಪೂರ್ತಿ ದಾರಿ ಕೊಟ್ಟು ಕಂಪೈಲ್ ಮಾಡಿದರೆ, ಎರರ್ ಬಂದಾಗ ನಿಮ್ಮ ಮನೆ ಕಂಪ್ಯೂಟರಿನ ಯೂಸರ್ ಹೆಸರು, ಡೆಸ್ಕ್‌ಟಾಪಿನ ‘ಹೊಸದು ಕೊನೇದು 2’ ಫೋಲ್ಡರ್ ಎಲ್ಲಾ ಗಿರಾಕಿಯ ಪರದೆ ಮೇಲೆ ಮೆರವಣಿಗೆ ಹೊರಡುತ್ತವೆ. ‘ಡಿ’ ಆದ ಮೇಲೆ ಒಂದು ಹೆಸರು ಕೊಟ್ಟರೆ ಎರರಿನಲ್ಲಿ ಆ ಹೆಸರಿನಿಂದಲೇ ದಾರಿ ಶುರುವಾಗುತ್ತದೆ.

ಈ ಹಂತದ ಇನ್ನೊಂದು ಲಾಭ: ಸಿಂಟ್ಯಾಕ್ಸ್ ತಪ್ಪೇನಾದರೂ (ಪೈಥಾನಿನ ವ್ಯಾಕರಣದ ತಪ್ಪು) ಇದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಹೊಸ ಪೈಥಾನ್ ಇದ್ದು, 3.10ರಲ್ಲಿ ಬಂದ ‘ಮ್ಯಾಚ್’ ಬಳಸಿದ್ದೀರಿ ಅಂದುಕೊಳ್ಳಿ. 3.8ರಲ್ಲಿ ಕಂಪೈಲ್ ಮಾಡುವಾಗಲೇ ಅದು ತಕರಾರು ತೆಗೆಯುತ್ತದೆ. ಮೂಡಿಗೆರೆಯ ಮಳೆಯಲ್ಲಿ ಗೋಡೌನಿಗೆ ಹೋಗಿ ಕಂಡುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ. ಲೆಕ್ಕದ ತಪ್ಪು, ಹೆಸರಿನ ತಪ್ಪು ಇಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆ ಟೆಸ್ಟ್ ಬೇಕೇ ಬೇಕು.

ಎಲ್ಲಾ ಸರಿಯಾದ ಮೇಲೆ, ಕಾಪಿಯಲ್ಲೇ ಇದ್ದೀರಾ ಅಂತ ಇನ್ನೊಮ್ಮೆ ನೋಡಿಕೊಂಡು, ಮೂಲ ಫೈಲ್‌ಗಳನ್ನು ತೆಗೆಯಿರಿ:

ಡೆಲ್ /ಎಸ್ *.ಪಿವೈ

ಕೆಲವರು ಕಂಪೈಲ್ ಮಾಡುವಾಗ ದೊಡ್ಡ ‘ಓ’ ಆಯ್ಕೆಯನ್ನೂ ಸೇರಿಸುತ್ತಾರೆ, ಆಪ್ಟಿಮೈಸ್ ಆಗುತ್ತದೆ ಅಂತ. ಹೆಸರು ದೊಡ್ಡದು, ಕೆಲಸ ಸಣ್ಣದು: ಒಂದು ‘ಓ’ ಕೊಟ್ಟರೆ ‘ಅಸರ್ಟ್’ ಅನ್ನುವ ತಪಾಸಣೆ ಸಾಲುಗಳು ಹೋಗುತ್ತವೆ, ಎರಡು ಕೊಟ್ಟರೆ ಡಾಕ್‌ಸ್ಟ್ರಿಂಗ್‌ಗಳೂ (ಕೋಡಿನೊಳಗೆ ಬರೆದಿಟ್ಟ ವಿವರಣೆ) ಹೋಗುತ್ತವೆ. ಔಟ್‌ಟರ್ನ್ 50ಕ್ಕಿಂತ ಜಾಸ್ತಿ ಇರಬಾರದು ಅನ್ನುವ ತಪಾಸಣೆಯನ್ನು ನೀವು ಅಸರ್ಟಿನಲ್ಲಿ ಬರೆದಿದ್ದರೆ ಅದೂ ಸದ್ದಿಲ್ಲದೆ ಮಾಯ. 28 ಹೊಡೆಯುವಲ್ಲಿ 288 ಹೊಡೆದರೂ ಬಿಲ್ ಪ್ರಿಂಟ್ ಆಗುತ್ತದೆ. ಗಿರಾಕಿ ಟೈಪ್ ಮಾಡುವ ಅಂಕಿಯನ್ನು ಯಾವತ್ತೂ ‘ಇಫ್’ ಹಾಕಿ ತಪಾಸಣೆ ಮಾಡಿ. ಈ ‘ಓ’ ನನಗಂತೂ ಬೇಡ.

ಬೈಟ್‌ಕೋಡ್ ಒಂದೇ ಕೊಟ್ಟರೆ ಓಡಿಸಲು ಅಲ್ಲಿ ಪೈಥಾನ್ ಇರಬೇಕಲ್ಲ. ಗೋಡೌನಿನಲ್ಲಿ ಇರುವ ಪೈಥಾನನ್ನು ನಂಬಬೇಡಿ. ಯಾರೋ ಹುಡುಗ ಹೊಸದು ಹಾಕಿದ ದಿನ ನಿಮ್ಮ ಪ್ರೋಗ್ರಾಮ್ ಸತ್ತಿತು. ಪೈಥಾನ್ ಡಾಟ್ ಆರ್ಗ್‌ನಲ್ಲಿ ವಿಂಡೋಸಿಗೆ ‘ಎಂಬೆಡೆಬಲ್’ ಅನ್ನುವ ಜಿಪ್ ಸಿಗುತ್ತದೆ. ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಬಿಚ್ಚಿ ಇಟ್ಟರೆ ಆಯಿತು. 3.8ರಲ್ಲಿ ತಯಾರಾಗಿ ಸಿಗುವ ಕೊನೆಯದು 3.8.10, ಇದು 32 ಬಿಟ್ಟಿಗೂ ಇದೆ. ನಾನು ಒಂದು ಫೋಲ್ಡರಿನಲ್ಲಿ ‘ಪೈಥಾನ್’, ‘ಆ್ಯಪ್’ ಅಂತ ಎರಡು ಫೋಲ್ಡರ್ ಮಾಡುತ್ತೇನೆ. ಒಂದರಲ್ಲಿ ಈ ಜಿಪ್ಪಿನ ಫೈಲ್‌ಗಳು, ಇನ್ನೊಂದರಲ್ಲಿ ನನ್ನ ಬೈಟ್‌ಕೋಡ್. ಹೊರಗೆ ಒಂದು ಬ್ಯಾಚ್ ಫೈಲ್, ಅದು ಒಳಗಿನ ಪೈಥಾನಿನಿಂದಲೇ ಮೇನ್ ಡಾಟ್ ಪಿವೈಸಿಯನ್ನು ಓಡಿಸುತ್ತದೆ. ಇಡೀ ಫೋಲ್ಡರ್ ಪೆನ್‌ಡ್ರೈವಿನಲ್ಲಿ ಹೋಗುತ್ತದೆ.

ಇಲ್ಲಿ ಒಂದು ಕೊಕ್ಕೆ ಇದೆ. ಆ ಜಿಪ್ಪಿನೊಳಗೆ ‘ಪೈಥಾನ್38’ ಅಂತ ಶುರುವಾಗಿ ‘ಪಿಟಿಎಚ್’ ಅಂತ ಮುಗಿಯುವ ಪುಟ್ಟ ಟೆಕ್ಸ್ಟ್ ಫೈಲ್ ಇರುತ್ತದೆ. ಪೈಥಾನ್ ಎಲ್ಲೆಲ್ಲಿ ಮಾಡ್ಯೂಲ್ ಹುಡುಕಬೇಕು ಅನ್ನುವುದು ಅದರಲ್ಲಿ ಬರೆದಿದೆ. ಅದರಲ್ಲಿ ಇಲ್ಲದ ಜಾಗದಲ್ಲಿ ಹುಡುಕುವುದಿಲ್ಲ, ನಿಮ್ಮ ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲೂ ಹುಡುಕುವುದಿಲ್ಲ. ಹಾಗಾಗಿ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಹೊಸ ಸಾಲಿನಲ್ಲಿ ‘ಎರಡು ಚುಕ್ಕಿ, ಬ್ಯಾಕ್‌ಸ್ಲ್ಯಾಶ್, ಆ್ಯಪ್’ ಅಂತ ಸೇರಿಸಿ. ಈ ಜಿಪ್ಪಿನಲ್ಲಿ ಟಿಕಿಂಟರ್ (ಕಿಟಕಿ, ಬಟನ್ ಮಾಡುವ ಮಾಡ್ಯೂಲ್) ಮತ್ತು ಪಿಪ್ (ಲೈಬ್ರರಿ ಹಾಕುವ ಟೂಲ್) ಇರುವುದಿಲ್ಲ. ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಇದೆ. ನನ್ನ ಪ್ರೋಗ್ರಾಮ್ ಬ್ರೌಸರಿನಲ್ಲಿ ತೆರೆದುಕೊಳ್ಳುವುದರಿಂದ ನನಗೆ ಅಷ್ಟೇ ಸಾಕು. ವಿಂಡೋಸ್ 7 ತೀರಾ ಹಳೇ ಸ್ಥಿತಿಯಲ್ಲಿದ್ದರೆ ಮೈಕ್ರೋಸಾಫ್ಟಿನ ಸಿ ರನ್‌ಟೈಮ್ ಅಪ್‌ಡೇಟ್ ಮೊದಲು ಹಾಕಬೇಕಾಗುತ್ತದೆ.

ಪೆನ್‌ಡ್ರೈವಿಗೆ ಹಾಕುವ ಮುಂಚೆ ಮೂಲ ಕೋಡಿನ ಫೋಲ್ಡರಿನ ಹೆಸರು ಬದಲಾಯಿಸಿ ಒಮ್ಮೆ ಓಡಿಸಿ ನೋಡಿ. ಎಲ್ಲಿಂದಲೋ ಕದ್ದು ಮೂಲವನ್ನೇ ಓದುತ್ತಿದ್ದರೆ ಆಗ ಬಯಲಾಗುತ್ತದೆ.

ಗಿರಾಕಿಯ ಕಡೆ ಎರರ್ ಬಂದರೆ ಅವರು ಪರದೆಯ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡುತ್ತಾರೆ. ಮೂಲ ಅಲ್ಲಿ ಇಲ್ಲದ ಕಾರಣ ಎರರಿನಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತದೆ, ಆ ಸಾಲಿನ ಕೋಡ್ ಕಾಣುವುದಿಲ್ಲ. ‘ಬಿಲ್, ಸಾಲು 142’ ಅಂತಷ್ಟೇ. ನಿಮ್ಮ ಹತ್ತಿರ ಇರುವ ಇವತ್ತಿನ ಕೋಡಿನಲ್ಲಿ 142ನೇ ಸಾಲು ಬೇರೇನೋ ಆಗಿರುತ್ತದೆ. ಅದಕ್ಕೇ ಯಾರಿಗೆ ಯಾವ ವರ್ಷನ್ ಕೊಟ್ಟಿದ್ದೀರೋ ಅದನ್ನು ಗಿಟ್‌ನಲ್ಲಿ (ಕೋಡಿನ ಹಳೇ ವರ್ಷನ್‌ಗಳನ್ನು ಕಾಪಾಡುವ ಟೂಲ್) ಟ್ಯಾಗ್ ಮಾಡಿಡಿ, ಅದೇ ವರ್ಷನ್ ನಂಬರ್ ಪ್ರೋಗ್ರಾಮಿನ ಮೊದಲ ಪುಟದಲ್ಲೂ ಕಾಣುವಂತೆ ಮಾಡಿ.

ಹೊಸ ವರ್ಷನ್ ಹಾಕುವಾಗ ಹಳೆಯದರ ಮೇಲೆ ಸುಮ್ನೆ ಕಾಪಿ ಮಾಡಬೇಡಿ. ಒಂದೇ ಫೋಲ್ಡರಿನಲ್ಲಿ ಬಿಲ್ ಡಾಟ್ ಪಿವೈ ಮತ್ತು ಬಿಲ್ ಡಾಟ್ ಪಿವೈಸಿ ಎರಡೂ ಇದ್ದರೆ ಪೈಥಾನ್ ಎತ್ತಿಕೊಳ್ಳುವುದು ಡಾಟ್ ಪಿವೈಯನ್ನೇ. ಮೊದಲು ಮೂಲ ಕೋಡ್ ಕೊಟ್ಟಿದ್ದ ಕಡೆ ಇದು ಸಿಕ್ಕಾಪಟ್ಟೆ ಆಟ ಆಡಿಸುತ್ತದೆ: ಹೊಸದು ಹಾಕಿರುತ್ತೀರಿ, ಓಡುತ್ತಿರುವುದು ಹಳೆಯದು, ಅದೂ ಯಾರೋ 51 ಮಾಡಿದ್ದ ಹಳೆಯದು. ‘ಆ್ಯಪ್’ ಫೋಲ್ಡರನ್ನು ಪೂರ್ತಿ ತೆಗೆದು ಹೊಸದನ್ನು ಇಡಿ. ಡೇಟಾಬೇಸು, ಸೆಟ್ಟಿಂಗ್ಸ್ ಫೈಲು ಆ ಫೋಲ್ಡರಿನ ಹೊರಗೆ ಇದ್ದರೆ ಇದನ್ನು ಧೈರ್ಯವಾಗಿ ಮಾಡಬಹುದು.

ಇಷ್ಟೆಲ್ಲಾ ಬೇಡ, ಒಂದೇ ಇಎಕ್ಸ್‌ಇ ಸಾಕು ಅನ್ನುವವರಿಗೆ ಪೈಇನ್‌ಸ್ಟಾಲರ್ ಇದೆ. ಅದೂ ಒಳಗೆ ತುಂಬುವುದು ಇದೇ ಬೈಟ್‌ಕೋಡನ್ನೇ, ಜೊತೆಗೆ ಪೈಥಾನನ್ನು. ಒಂದೇ ಫೈಲ್ ಮಾಡಿದರೆ ಕೆಲವು ಆ್ಯಂಟಿವೈರಸ್‌ಗಳು ವೈರಸ್ ಅಂದುಕೊಂಡು ಹಿಡಿದುಹಾಕುತ್ತವೆ, ಸೀಸನ್ನಿನ ಮಧ್ಯೆ ಅದನ್ನು ಬಿಡಿಸುವುದು ರಗಳೆ. ಕೋಡ್ ನಿಜಕ್ಕೂ ಕೈಗೆ ಸಿಗಬಾರದು ಅನ್ನುವವರು ನೂಟ್ಕಾ ಅಥವಾ ಸೈಥಾನ್ ನೋಡಿ. ಅವು ಪೈಥಾನನ್ನು ಸಿ ಭಾಷೆಗೆ ತಿರುಗಿಸಿ ಮೆಷಿನ್ ಕೋಡ್ ಮಾಡುತ್ತವೆ. ಬಿಡಿಸುವುದು ಕಷ್ಟ, ಆದರೆ ಪ್ರತಿ ಥರದ ಕಂಪ್ಯೂಟರಿಗೂ ಬೇರೆ ಬೇರೆ ಕಟ್ಟಬೇಕು. ಔಟ್‌ಟರ್ನ್ ಲೆಕ್ಕಕ್ಕೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಂಡಿಲ್ಲ. ನೀವು ಬೇರೆಯವರ ಲೈಬ್ರರಿ ಸೇರಿಸಿದ್ದರೆ ಅದರ ಲೈಸೆನ್ಸ್ ಓದಿಕೊಳ್ಳಿ. ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್ ಇದ್ದರೆ ಬರೀ ಬೈಟ್‌ಕೋಡ್ ಕೊಟ್ಟು ಸುಮ್ಮನಿರುವಂತಿಲ್ಲ, ಗಿರಾಕಿಗೆ ಮೂಲವನ್ನೂ ಸಿಗುವಂತೆ ಮಾಡಬೇಕು.