ಆಸ್ಪತ್ರೆಯ ಓಡಾಟದ ನಡುವೆ ಒಂದು ಮರದ ಸೀಬೆ

ಅಪ್ಪನಿಗೆ ಡಯಾಲಿಸಿಸ್ ಶುರುವಾದ ತಿಂಗಳಲ್ಲೇ ಹಿತ್ತಲಿನ ಸೀಬೆ ಮರ ಹಿಂದೆಂದೂ ಕಾಣದಷ್ಟು ಕಾಯಿ ಬಿಟ್ಟಿತು. ವಾರಕ್ಕೆ ಮೂರು ದಿನ ಆಸ್ಪತ್ರೆ. ಅಲ್ಲಿ ನಾಲ್ಕು ಗಂಟೆ ಯಂತ್ರದ ಪಕ್ಕ ಕೂರುವುದು, ಸುಸ್ತಾದವರನ್ನು ಮನೆಗೆ ಕರೆತಂದು ಮಲಗಿಸುವುದು, ಮಾತ್ರೆ, ಊಟ, ಮರುದಿನದ ತಯಾರಿ. ಇಷ್ಟರಲ್ಲಿ ಹಿತ್ತಲ ಬಾಗಿಲು ತೆಗೆದರೆ ಹಣ್ಣು ಹುಳಿತ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೊದಲ ವಾರ ನಾನು ಆ ಬಾಗಿಲನ್ನು ತೆಗೆಯುವುದನ್ನೇ ಬಿಟ್ಟೆ.

ಮರ ಅಪ್ಪ ನೆಟ್ಟದ್ದು. ಈ ಸಲ ಅದರ ಹಣ್ಣು ಅವರಿಗೇ ನಿಷಿದ್ಧ. ಮೂತ್ರಪಿಂಡಗಳು ಸೋತಾಗ ಪೊಟ್ಯಾಸಿಯಂ ದೇಹದಿಂದ ಹೊರಹೋಗದೆ ರಕ್ತದಲ್ಲೇ ಉಳಿಯುತ್ತದೆ. ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ನೂರು ಗ್ರಾಂ ಸೀಬೆಯಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಹಣ್ಣುಗಳ ನಡುವೆ ಇದು ಹೆಚ್ಚೇ. ಪಥ್ಯದ ಪಟ್ಟಿಯಲ್ಲಿ ಸೀಬೆಯ ಮುಂದೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದರು. ಅಪ್ಪ ಆ ಕಾಗದವನ್ನು ಬಹಳ ಹೊತ್ತು ನೋಡಿ, ಮಡಿಸಿ, ಜೇಬಿಗೆ ಹಾಕಿಕೊಂಡರು.

ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಒಂದು ರಾತ್ರಿ ಬುಟ್ಟಿ ತುಂಬಾ ಹಣ್ಣು ಕಿತ್ತು, ಎಲ್ಲವನ್ನೂ ಜೆಲ್ಲಿ ಮಾಡಿ ಮುಗಿಸಿಬಿಡೋಣ ಎಂದು ಒಲೆಯ ಮುಂದೆ ನಿಂತೆ. ಹನ್ನೊಂದು ಗಂಟೆಗೆ ಅಪ್ಪನಿಗೆ ಕಾಲು ಸೆಳೆತ ಬಂತು. ಅವರ ಕಾಲು ಒತ್ತುತ್ತಾ ಕೂತವಳಿಗೆ ಪಾತ್ರೆಯ ನೆನಪಾದದ್ದು ಸುಟ್ಟ ಸಕ್ಕರೆಯ ವಾಸನೆ ಬಂದ ಮೇಲೆ. ತಳ ಹಿಡಿದ ಪಾತ್ರೆಯನ್ನು ನೀರಲ್ಲಿ ನೆನೆಹಾಕಿ ಅತ್ತೆ. ಹಣ್ಣಿಗಾಗಿ ಅಲ್ಲ, ಯಾವ ಕೆಲಸವನ್ನೂ ಪೂರ್ತಿ ಮಾಡಲಾಗುತ್ತಿಲ್ಲವಲ್ಲ ಎಂದು.

ಮರುದಿನ ಆಸ್ಪತ್ರೆಯಲ್ಲಿ, ಯಂತ್ರ ಓಡುತ್ತಿದ್ದಾಗ, ಅಪ್ಪನೇ ಕೇಳಿದರು: "ಹಣ್ಣು ಬಹಳ ಬಿದ್ದಿದೆಯೇನಮ್ಮ?" ಹೌದು ಎಂದೆ. "ಹಾಗಾದರೆ ನೆಲದ ಮೇಲಿನದನ್ನು ಮೊದಲು ಹೆಕ್ಕು. ಕೊಂಬೆಯಲ್ಲಿರುವುದರ ಯೋಚನೆ ಆಮೇಲೆ."

ಇಷ್ಟು ಸಾಕಾಯಿತು. ಸೀಬೆಗೆ ದೊಡ್ಡ ಶತ್ರು ಹಣ್ಣುನೊಣ. ಅದು ಸಿಪ್ಪೆಯ ಕೆಳಗೆ ಮೊಟ್ಟೆ ಇಡುತ್ತದೆ. ಹುಳು ಒಳಗೇ ಬೆಳೆದು, ಹಣ್ಣು ಬಿದ್ದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಮೇಲೇಳುತ್ತದೆ. ಬಿದ್ದದ್ದನ್ನು ಬಿಟ್ಟಷ್ಟೂ ಮರದ ಮೇಲಿನ ಹಣ್ಣೂ ಕೆಡುತ್ತದೆ. ಗೊಬ್ಬರದ ಗುಂಡಿಗೆ ಹಾಗೇ ಎಸೆದರೂ ಹುಳು ಬದುಕಿಕೊಳ್ಳುತ್ತದೆ. ಹಾಗಾಗಿ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಬಿಸಿಲಲ್ಲಿ ಎರಡು ವಾರ ಇಟ್ಟೆ. ಒಳಗಿನ ಕಾವಿಗೆ ಹುಳುಗಳು ಸಾಯುತ್ತವೆ. ಆಮೇಲೆ ಆಳವಾಗಿ ಹೂಳಬಹುದು. ಬೆಳಿಗ್ಗೆ ಹತ್ತು ನಿಮಿಷ, ಕೈಗವಸು ಹಾಕಿಕೊಂಡು ಇದೊಂದೇ ಕೆಲಸ. ಐದಾರು ದಿನದಲ್ಲಿ ವಾಸನೆ ಹೋಯಿತು, ಬಾಗಿಲು ತೆಗೆಯುವ ಧೈರ್ಯ ಬಂತು.

ಕೀಳುವುದಕ್ಕೆ ಏಣಿ ಹತ್ತಲಿಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ ಇನ್ನೊಬ್ಬರು ಕಾಲು ಮುರಿದುಕೊಳ್ಳಬಾರದು. ದೋಟಿಯ ತುದಿಗೆ ಬಲೆಚೀಲ ಕಟ್ಟಿಕೊಂಡು ಕೈಗೆಟಕಿದ್ದನ್ನಷ್ಟೇ ಕಿತ್ತೆ. ತುದಿಕೊಂಬೆಯದ್ದನ್ನು ಹಕ್ಕಿಗಳಿಗೆ ಬಿಟ್ಟೆ. ಪೂರ್ತಿ ಹಣ್ಣಾಗುವವರೆಗೆ ಕಾಯುವ ಅಗತ್ಯವೂ ಇಲ್ಲ. ಕಡುಹಸಿರು ತಿಳಿಯಾಗಿ ಹಳದಿಗೆ ತಿರುಗುವ ಹೊತ್ತಿಗೆ ಕಿತ್ತರೆ ಮನೆಯೊಳಗೆ ಕೆಲವೇ ದಿನಗಳಲ್ಲಿ ಹಣ್ಣಾಗುತ್ತದೆ. ನನಗೆ ಬೇಕಾಗಿದ್ದದ್ದು ಆ ಕೆಲವು ದಿನಗಳೇ. ಡಯಾಲಿಸಿಸ್ ಇಲ್ಲದ ದಿನ ಕಿತ್ತಿಟ್ಟರೆ, ಮತ್ತೆ ಬಿಡುವು ಸಿಗುವ ದಿನಕ್ಕೆ ಸರಿಯಾಗಿ ಹದಕ್ಕೆ ಬರುತ್ತಿತ್ತು. ಹಣ್ಣಾದದ್ದನ್ನು ಮಾತ್ರ ಫ್ರಿಜ್‌ಗೆ ಇಡಬೇಕು. ಕಾಯಿಯನ್ನು ತೀರಾ ತಂಪಿನಲ್ಲಿಟ್ಟರೆ ಅದು ಸರಿಯಾಗಿ ಹಣ್ಣಾಗದೆ ಒಳಗೇ ಕಂದುತ್ತದೆ.

ಜೆಲ್ಲಿಯ ಆಸೆ ಬಿಟ್ಟು ಫ್ರೀಜರ್ ನಂಬಿದ್ದೇ ನನ್ನನ್ನು ಉಳಿಸಿತು. ಹಣ್ಣು ತೊಳೆದು, ಒರೆಸಿ, ಕೆಟ್ಟ ಭಾಗ ತೆಗೆದು, ಎರಡು ಹೋಳು ಮಾಡಿ, ತಟ್ಟೆಯಲ್ಲಿ ಒಂದಕ್ಕೊಂದು ತಗುಲದಂತೆ ಹರಡಿ ಫ್ರೀಜರ್‌ನಲ್ಲಿಟ್ಟೆ. ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿ ಒತ್ತಿ ತೆಗೆದು, ದಿನಾಂಕ ಬರೆದೆ. ಮೊದಲೇ ಚೀಲಕ್ಕೆ ಸುರಿದರೆ ಎಲ್ಲ ಸೇರಿ ಒಂದೇ ಬಂಡೆಯಾಗುತ್ತದೆ, ಬೇಕಾದಷ್ಟೇ ತೆಗೆಯಲಾಗುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಎಂಟು ಹತ್ತು ತಿಂಗಳು ರುಚಿ ಚೆನ್ನಾಗಿಯೇ ಇರುತ್ತದೆ. ಈ ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅಪ್ಪ ಕರೆದರೆ ಚಾಕು ಕೆಳಗಿಟ್ಟು ಓಡಿದರೆ ಏನೂ ಸುಡುವುದಿಲ್ಲ. ಕಾಯಿಲೆಯವರಿರುವ ಮನೆಯಲ್ಲಿ ಎಂಥ ಕೆಲಸ ಹಿಡಿಯಬೇಕು ಎನ್ನುವುದಕ್ಕೆ ನಾನು ಇಟ್ಟುಕೊಂಡ ಅಳತೆಗೋಲು ಇದೇ.

ಹಂಚುವುದರಲ್ಲೂ ಕಲಿತದ್ದಿದೆ. ಮೊದಲು ಚೀಲ ಕಟ್ಟಿ ಮನೆಮನೆಗೆ ಕೊಡಲು ಹೋದೆ, ಪ್ರತಿ ಬಾಗಿಲಲ್ಲೂ ಅಪ್ಪನ ಆರೋಗ್ಯದ ಕಥೆ ಮೊದಲಿನಿಂದ ಹೇಳಬೇಕಾಯಿತು. ಮೂರನೆಯ ಮನೆಗೆ ನನ್ನ ಗಂಟಲು ಕಟ್ಟಿತು. ಆಮೇಲೆ "ಬಂದು ನೀವೇ ಕಿತ್ತುಕೊಳ್ಳಿ, ದೋಟಿ ಗೋಡೆಗೆ ಒರಗಿಸಿದೆ" ಎಂದು ನೆರೆಯವರಿಗೆಲ್ಲ ಒಂದು ಸಂದೇಶ ಕಳಿಸಿದೆ. ಜನ ಬಂದರು. "ಏನಾದರೂ ಸಹಾಯ ಬೇಕಾ" ಎಂದು ಕೇಳಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದವರಿಗೆ ಮಾಡಲು ಒಂದು ಕೆಲಸ ಸಿಕ್ಕಿತು. ಬಿದ್ದ ಹಣ್ಣು, ಸೀಳಿದ ಹಣ್ಣು ಯಾರಿಗೂ ಕೊಡಬೇಡಿ ಎಂದಷ್ಟೇ ಹೇಳಿದ್ದೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಂಥದ್ದು ಅಪಾಯ.

ಮೂರು ತಿಂಗಳ ಮೇಲೆ, ದಿನಚರಿ ಒಂದು ಹದಕ್ಕೆ ಬಂದಾಗ, ಫ್ರೀಜರ್‌ನ ಹೋಳುಗಳಿಂದ ಜೆಲ್ಲಿ ಮಾಡಿದೆ. ಹೆಪ್ಪುಗಟ್ಟಿ ಕರಗಿದ ಹಣ್ಣು ಬೇಗ ಬೇಯುತ್ತದೆ. ಮುಳುಗುವಷ್ಟು ನೀರಲ್ಲಿ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿದೆ. ಹಿಂಡಬಾರದು, ಹಿಂಡಿದರೆ ರಸ ಕದಡುತ್ತದೆ. ಒಂದು ಬಟ್ಟಲು ರಸಕ್ಕೆ ಮುಕ್ಕಾಲು ಬಟ್ಟಲು ಸಕ್ಕರೆ, ಸ್ವಲ್ಪ ನಿಂಬೆರಸ. ಜೆಲ್ಲಿಯನ್ನು ಗಟ್ಟಿಯಾಗಿಸುವ ಪೆಕ್ಟಿನ್ ಎಂಬ ಅಂಶ ಸೀಬೆಯಲ್ಲಿ ತಾನಾಗಿಯೇ ಧಾರಾಳವಾಗಿರುವುದರಿಂದ ಬೇರೇನೂ ಬೇಡ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳಿದಾಗ ಅದು ಸುಕ್ಕುಗಟ್ಟಿತು. ಒಲೆ ಆರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದ ಸೀಸೆಯೊಳಗೆ ತಿಳಿಗೆಂಪು.

ಅಪ್ಪ ಅದನ್ನು ತಿನ್ನಲಿಲ್ಲ. ಸೀಸೆಯ ಮುಚ್ಚಳ ತೆಗೆಸಿ, ಕಣ್ಣು ಮುಚ್ಚಿ ಮೂಸಿ ನೋಡಿ, "ಸರಿಯಾಗಿದೆ" ಎಂದು ವಾಪಸ್ ಕೊಟ್ಟರು.

ಕೊಯ್ಲು ಮುಗಿದ ಮೇಲೆ ಮರದ ಕೊಂಬೆಗಳನ್ನು ತುಸು ಸವರಿಸಿದ್ದೆ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಮರ ಗಿಡ್ಡಗಿದ್ದರೆ ಎಲ್ಲವೂ ಕೈಗೆಟಕುತ್ತದೆ. ಈಗ ಮತ್ತೆ ಮಿಡಿ ಕಟ್ಟಿದೆ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಅಪ್ಪ ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಒಂದು ಗೊಂಚಲಿನಲ್ಲಿ ಮೂರಿದ್ದರೆ ಯಾವ ಎರಡನ್ನು ಚಿವುಟಬೇಕು ಎಂದು ಬೆರಳು ತೋರಿಸುತ್ತಾರೆ. ನಾನು ಚಿವುಟುತ್ತೇನೆ.