ಬೆಳ್ಳಿ ಬಣ್ಣದಡಿ ಅಡಗಿದ್ದ ದೋಷ

ಮಾರುತಿ 800 ಕಾರಿನ ಎಂಜಿನ್ನಿಗೆ ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ), ಹೊಸ ಪಿಸ್ಟನ್ ರಿಂಗ್ ಹಾಕಿಸಿ, ಗೇರ್‌ಬಾಕ್ಸ್ ಇಳಿಸಿದ್ದರಿಂದ ಕ್ಲಚ್ ಪ್ಲೇಟನ್ನೂ ಬದಲಿಸಿದ್ದೆ. ಗಾಡಿ ಮನೆಗೆ ಬಂದ ಮೂರನೆಯ ದಿನ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ತಳ್ಳಿದರೆ ಮಾತ್ರ ತಕ್ಷಣ ಸ್ಟಾರ್ಟ್.

“ಹೊಸ ಬೋರ್ ಅಲ್ಲವೇ ಸಾರ್, ಎಂಜಿನ್ ಬಿಗಿಯಾಗಿದೆ. ಸಾವಿರ ಕಿಲೋಮೀಟರ್ ಓಡಲಿ” ಎಂದರು ಮೇಸ್ತ್ರಿ. ಎಲೆಕ್ಟ್ರಿಷಿಯನ್ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು) ಬಿಚ್ಚಿ ಬ್ರಷ್, ಬುಷ್ ಬದಲಿಸಿ 1,400 ರೂಪಾಯಿಯಷ್ಟು ತೆಗೆದುಕೊಂಡರು. ಬೆಂಚಿನ ಮೇಲೆ ಭರ್ರನೆ ತಿರುಗಿದ ಸೆಲ್ಫ್ ಗಾಡಿಗೆ ಕಟ್ಟಿದೊಡನೆ ಮತ್ತೆ ಟಕ್. ಕೊನೆಗೆ ಮೂರು ಸಾವಿರ ಚಿಲ್ಲರೆ ತೆತ್ತು ಹೊಸ ಬ್ಯಾಟರಿ ಹಾಕಿಸಿದೆ. ಒಂದು ದಿನ ನಡೆಯಿತು, ಮರುದಿನ ಅದೇ ಪಾಡು. ಆ ದುಡ್ಡಿನ ಸಂಕಟ ಇನ್ನೂ ಹೋಗಿಲ್ಲ. ಹಳೆಯ ಬ್ಯಾಟರಿಗೆ ಏನೂ ಆಗಿರಲಿಲ್ಲ.

ಅಂದು ರಾತ್ರಿ ಹೆಡ್‌ಲೈಟ್ ಉರಿಸಿ, ಕೀಲಿ ತಿರುಗಿಸಲು ಮಗನಿಗೆ ಹೇಳಿ, ಗೋಡೆಯ ಮೇಲೆ ಬಿದ್ದ ಬೆಳಕನ್ನೇ ನೋಡುತ್ತ ನಿಂತೆ. ಬೆಳಕು ಅಲುಗಲಿಲ್ಲ. ಬ್ಯಾಟರಿ ಸೋತಿದ್ದರೂ ಎಂಜಿನ್ ಬಿಗಿಯಾಗಿದ್ದರೂ ಅದು ಮಂಕಾಗಲೇಬೇಕಿತ್ತು. ಸೆಲ್ಫಿಗೆ ಕರೆಂಟೇ ಸಾಲುತ್ತಿಲ್ಲ ಎಂಬುದು ನನಗೆ ಆಗಲೇ ಖಚಿತವಾಯಿತು.

ಮೀಟರ್ ಹಿಡಿದೆ. ಪ್ಲಸ್ ತಂತಿಯುದ್ದಕ್ಕೂ ನಷ್ಟ 0.2 ವೋಲ್ಟಿನ ಆಸುಪಾಸು, ತಕರಾರಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗೂಟಕ್ಕೂ ಇನ್ನೊಂದನ್ನು ಗೇರ್‌ಬಾಕ್ಸಿಗೂ ಒತ್ತಿ ಸೆಲ್ಫ್ ಹೊಡೆಸಿದರೆ ಸುಮಾರು ಆರು ವೋಲ್ಟ್! ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಅಂದರೆ ಅರ್ತ್, ಅರ್ಧ ವೋಲ್ಟ್ ದಾಟಬಾರದ ಜಾಗ ಅದು. ನಾಲ್ಕೈದು ಬಾರಿ ಹೊಡೆಸುವಷ್ಟರಲ್ಲಿ ಕೈ ತಾಗಿದ ಕ್ಲಚ್ ಕೇಬಲ್ ಸುಡುತ್ತಿತ್ತು. ದಾರಿ ಕಾಣದ ಕರೆಂಟ್ ಅದರೊಳಗೆ ನುಗ್ಗಿತ್ತು.

ಮೈನಸ್ ಗೂಟದಿಂದ ಎಂಜಿನ್ ಬ್ಲಾಕಿಗೆ ಜಂಪರ್ ತಂತಿ ಕಚ್ಚಿಸಿದೊಡನೆ ಅರೆ ಸುತ್ತಿಗೇ ಸ್ಟಾರ್ಟ್. ಅರ್ತ್ ತಂತಿಯ ಬೋಲ್ಟ್ ಬಿಚ್ಚಿದರೆ, ಲಗ್ (ತಂತಿಯ ತುದಿಯ ಲೋಹದ ಬಳೆ) ಕೂರುವ ಜಾಗದಲ್ಲಿ ಬೆಳ್ಳಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಅಂದವಾಗಿ ಕಾಣಲೆಂದು ಗೇರ್‌ಬಾಕ್ಸಿಗೆ ಬಳಿದವರು ಅಲ್ಲಿಯೂ ಬಳಿದಿದ್ದರು. ಬಣ್ಣ ಕರೆಂಟಿಗೆ ಅಡ್ಡ. ಬೋಲ್ಟಿನ ಎಳೆಗಳಲ್ಲಿ ಸಿಗುತ್ತಿದ್ದ ಅಷ್ಟಿಷ್ಟು ಸಂಪರ್ಕದಿಂದಲೇ ಮೊದಲೆರಡು ದಿನ ನಡೆದಿತ್ತು. ಎರಡು ರೂಪಾಯಿಯ ಉಪ್ಪುಕಾಗದದಲ್ಲಿ ಲೋಹ ಕಾಣುವವರೆಗೆ ಉಜ್ಜಿದೆ. ಆರು ವೋಲ್ಟ್ ಇದ್ದದ್ದು 0.15ಕ್ಕೆ ಇಳಿಯಿತು.

ಕುತೂಹಲಕ್ಕೆ ಚಾರ್ಜಿಂಗನ್ನೂ ಅಳೆದೆ. ಲೈಟ್ ಹಾಕಿದಾಗ 13.3 ವೋಲ್ಟ್ ಇದ್ದದ್ದು 14.1 ಆಗಿತ್ತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಅದೇ ಅರ್ತನ್ನು ನಂಬಿಕೊಂಡಿದೆಯಲ್ಲ!

ಮೇಸ್ತ್ರಿ ನಂಬಲಿಲ್ಲ. ಅವರ ಶೆಡ್ಡಿನಲ್ಲೇ ಜಂಪರ್ ತಂತಿಯ ಒಂದು ತುದಿಯನ್ನು ಬಣ್ಣದ ಮೇಲೊಮ್ಮೆ, ಉಜ್ಜಿದ ಲೋಹದ ಮೇಲೊಮ್ಮೆ ಇಟ್ಟು, ಟೆಸ್ಟ್ ಲ್ಯಾಂಪ್ ಉರಿಸಿ ತೋರಿಸಿದೆ. ಆಮೇಲೆ ಮಾತಾಡಲಿಲ್ಲ. ಬಿಗಿಯುವ ಮುನ್ನ ಆ ಜಾಗಕ್ಕೆ ನಾನು ಏನು ಸವರಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ಮಳೆಗಾಲ ಕಳೆದಿವೆ, ಮೊನ್ನೆ ಅಳೆದಾಗಲೂ 0.15.